ಯಾರ ಫ್ಯಾನ್ ಯಾರ ಮಾತು ಕೇಳುತ್ತದೆ?

ಏಪ್ರಿಲ್ ಬಂತೆಂದರೆ ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಆದರೆ ಆಸ್ಪತ್ರೆಯ ಆಪರೇಷನ್ ಥಿಯೇಟರ್ ಮಾತ್ರ 21 ಡಿಗ್ರಿ ಆಸುಪಾಸಿನಲ್ಲೇ ಇರಬೇಕು. ಸುಮ್ನೆ ತಂಪಾದರೆ ಸಾಲದು. ಗಾಳಿ ಸೋಸಿ ಬರಬೇಕು, ತೇವ ಹಿಡಿತದಲ್ಲಿರಬೇಕು, ಒಳಗಿನ ಒತ್ತಡ ಕಾರಿಡಾರ್‌ಗಿಂತ ಒಂದಿಷ್ಟು ಜಾಸ್ತಿ ಇರಬೇಕು. ಇಲ್ಲದಿದ್ದರೆ ಬಾಗಿಲು ತೆಗೆದಾಗಲೆಲ್ಲ ಹೊರಗಿನ ದೂಳು ಒಳಕ್ಕೆ ನುಗ್ಗುತ್ತದೆ. ಇಷ್ಟನ್ನೂ ಹಗಲು ರಾತ್ರಿ ಕಾಯುವುದು ಪ್ಯಾನಲ್‌ನೊಳಗೆ ಕೂತ ಅಂಗೈಯಗಲದ ಕಂಟ್ರೋಲರ್. ಮಾಳಿಗೆ ಮೇಲೆ ನೀರು ತಂಪು ಮಾಡುವ ಚಿಲ್ಲರ್ ಒಂದು ಕಂಪನಿಯದು, ಗಾಳಿ ಊದುವ ಎಎಚ್‌ಯು ಇನ್ನೊಂದರದು, ಜನರೇಟರ್, ಫೈರ್ ಅಲಾರ್ಮ್ ಬೇರೆ ಬೇರೆಯವರವು. ಒಂದರ ಮಾತು ಇನ್ನೊಂದಕ್ಕೆ ತಿಳಿಯಬೇಕಲ್ವಾ?

1980ರ ದಶಕದಲ್ಲಿ ತಿಳಿಯುತ್ತಿರಲಿಲ್ಲ. ಒಂದೊಂದು ಕಂಪನಿಯದೂ ಗುಟ್ಟಿನ ಭಾಷೆ. ಒಮ್ಮೆ ಕೊಂಡರೆ ಕಟ್ಟಡ ಇರುವವರೆಗೂ ಅವರಿಗೇ ಗಿರಾಕಿ. ಅಮೆರಿಕದ ಎಸಿ ಎಂಜಿನಿಯರುಗಳ ಸಂಘ ಆಶ್ರೇ 1987ರಲ್ಲಿ ಒಂದು ಸಮಿತಿ ಕೂರಿಸಿತು. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೇಲ್ ನ್ಯೂಮನ್ ಅದರ ಅಧ್ಯಕ್ಷ. ಎಂಟು ವರ್ಷ ಚರ್ಚೆ ನಡೆದು 1995ರಲ್ಲಿ ಎಲ್ಲ ಕಂಪನಿಯ ಯಂತ್ರಗಳೂ ಆಡಬಹುದಾದ ಒಂದೇ ಭಾಷೆ ‘ಬ್ಯಾಕ್‌ನೆಟ್’ ಹೊರಬಂತು. 2003ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು.

ಸಿರುಗುಪ್ಪ, ಸಿಂಧನೂರಿನ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಒಂದು ಕಂಪನಿಯದಿದ್ದರೆ ರೋಟಾವೇಟರ್ ಇನ್ನೊಂದರದು. ಹಿಂದಿನ ಮೂರು ಕೊಂಡಿಗಳ ಅಳತೆ, ರೋಟಾವೇಟರ್ ತಿರುಗಿಸುವ ಪಿಟಿಒ ಶಾಫ್ಟಿನ ನಿಮಿಷಕ್ಕೆ 540 ಸುತ್ತು, ಇವನ್ನೆಲ್ಲ ಮೊದಲೇ ಗೊತ್ತುಮಾಡಿದ್ದರಿಂದ ರೈತ ತನಗೆ ಬೇಕಾದ್ದನ್ನು ಕಟ್ಟಿಕೊಳ್ಳುತ್ತಾನೆ. ಬ್ಯಾಕ್‌ನೆಟ್ ಮಾಡಹೊರಟಿದ್ದೂ ಅಂಥದ್ದೇ ಒಂದು ಕೊಂಡಿ.

ಇದಕ್ಕಿಂತ ಹಳೆಯ ಯಂತ್ರಭಾಷೆ 1979ರ ಮಾಡ್‌ಬಸ್. ವಿದ್ಯುತ್ ಮೀಟರ್, ಜನರೇಟರ್‌ಗಳಲ್ಲಿ ಇವತ್ತಿಗೂ ಅದೇ ಓಡುತ್ತದೆ. ಆದರೆ ಮಾಡ್‌ಬಸ್ ಕೇಳಿದರೆ ‘235’ ಅಂತ ಒಂದು ಸಂಖ್ಯೆ ಎಸೆಯುತ್ತದೆ, ಅಷ್ಟೇ. 23.5 ಡಿಗ್ರಿಯೋ, 235 ವೋಲ್ಟೋ? ಕಂಪನಿ ಕೊಟ್ಟ ಪಟ್ಟಿ ನೋಡಿಯೇ ತಿಳಿಯಬೇಕು. ಬ್ಯಾಕ್‌ನೆಟ್‌ನಲ್ಲಿ ಸಂಖ್ಯೆಯ ಜೊತೆಗೆ ಹೆಸರು, ಅಳತೆಯ ಮಾನ, ಸೆನ್ಸರ್ ಸರಿಯಿದೆಯೋ ಕೆಟ್ಟಿದೆಯೋ ಎಂಬ ಗುರುತು ಎಲ್ಲ ಸಿಗುತ್ತವೆ.

ನನಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ಇನ್ನೊಂದು. ಒಂದೇ ಫ್ಯಾನ್‌ಗೆ ಇಬ್ಬರು ಆದೇಶ ಕೊಟ್ಟರೆ ಯಾರ ಮಾತು ನಡೆಯಬೇಕು? ಬ್ಯಾಕ್‌ನೆಟ್ ಫ್ಯಾನ್, ವಾಲ್ವ್‌ನಂಥ ಪ್ರತಿ ಔಟ್‌ಪುಟ್‌ಗೂ 16 ಖಾನೆ ಇಟ್ಟಿದೆ. ಮೊದಲ ಎರಡು ಜೀವರಕ್ಷಣೆಗೆ ಮೀಸಲು. 8ನೆಯದು ಆಪರೇಟರ್ ಕೈಯಾರೆ ಕೊಡುವ ಆದೇಶಕ್ಕೆ. ದಿನದ ವೇಳಾಪಟ್ಟಿ ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗೆ, 16ರಲ್ಲಿ. ತುಂಬಿದ ಖಾನೆಗಳಲ್ಲಿ ಮೇಲಿನದು ಯಾವುದೋ ಅದರ ಮಾತೇ ನಡೆಯುತ್ತದೆ. ಅದು ಖಾಲಿಯಾದರೆ ಅದರ ಕೆಳಗಿನವನ ಸರದಿ.

ಎಷ್ಟು ಚೆಂದ ಅನ್ನಿಸುತ್ತದೆ. ಎಡವಟ್ಟಾಗುವುದೂ ಇಲ್ಲೇ. ಟೆಕ್ನಿಷಿಯನ್ ಬಂದವನು ಲ್ಯಾಪ್‌ಟಾಪ್‌ನಿಂದ 8ನೇ ಖಾನೆಯಲ್ಲಿ ‘ಆನ್’ ಬರೆದು ಫ್ಯಾನ್ ಪರೀಕ್ಷೆ ಮಾಡುತ್ತಾನೆ. ಖಾಲಿ ಮಾಡದೆ ಹೊರಟುಹೋಗುತ್ತಾನೆ. ಅವತ್ತಿನಿಂದ ವೇಳಾಪಟ್ಟಿ ರಾತ್ರಿ ಎಂಟಕ್ಕೆ ‘ಆಫ್’ ಅಂತ ಎಷ್ಟು ಕೂಗಿದರೂ ಫ್ಯಾನ್ ಕೇಳುವುದಿಲ್ಲ. ತಿಂಗಳ ಕೊನೆಗೆ ಜೆಸ್ಕಾಂ ಕರೆಂಟ್ ಬಿಲ್ ಬಂದಾಗ ಚಿಲ್ಲರ್‌ನವರು ಕಂಟ್ರೋಲ್‌ನವರತ್ತ ಬೆರಳು ತೋರಿಸುತ್ತಾರೆ, ಅವರು ಎಎಚ್‌ಯುನವರತ್ತ. ಯಾರ ಸಾಮಾನೂ ಕೆಟ್ಟಿರುವುದಿಲ್ಲ!

ಸೆನ್ಸರ್‌ಗಳಲ್ಲೂ ಇಂಥದ್ದೇ ಒಂದು ಚೇಷ್ಟೆ ಇದೆ. ತಾಪಮಾನ ಅಳೆಯುವ ‘10ಕೆ’ ಥರ್ಮಿಸ್ಟರ್ ಅಂತ ಅಂಗಡಿಯಲ್ಲಿ ಸಿಗುತ್ತದೆ. ಟೈಪ್ ಎರಡು, ಟೈಪ್ ಮೂರು ಎರಡೂ 25 ಡಿಗ್ರಿಯಲ್ಲಿ ಸರಿಯಾಗಿ 10,000 ಓಮ್ ತೋರಿಸುತ್ತವೆ. ಚಿಲ್ಲರ್‌ನಿಂದ ಹೊರಡುವ 7 ಡಿಗ್ರಿ ನೀರಿಗೆ ಒಂದರ ಬದಲು ಇನ್ನೊಂದು ಹಾಕಿ ನೋಡಿ, ಲೆಕ್ಕ ಒಂದು ಡಿಗ್ರಿಗೂ ಜಾಸ್ತಿ ತಪ್ಪುತ್ತದೆ. ಹೋಗುವ ಬರುವ ನೀರಿನ ವ್ಯತ್ಯಾಸವೇ ಐದು ಡಿಗ್ರಿ ಇರುವಲ್ಲಿ ಅದು ಸಣ್ಣದಲ್ಲ.

ಹಾಗಾಗಿ ಎಲ್ಲವನ್ನೂ ಒಂದೇ ಕಂಪನಿಯಿಂದ ಕೊಳ್ಳುವವರನ್ನು ದಡ್ಡರು ಅನ್ನಲು ನಾನು ಸಿದ್ಧನಿಲ್ಲ. ಕೆಟ್ಟರೆ ಒಂದೇ ಫೋನ್. ಹೊಣೆ ಒಬ್ಬರದೇ. ಕೊಪ್ಪಳಕ್ಕೋ ರಾಯಚೂರಿಗೋ ಕಂಟ್ರೋಲ್ ಬಲ್ಲ ಹುಡುಗ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬರಬೇಕಾದಾಗ ಇದು ದೊಡ್ಡ ಸಮಾಧಾನವೇ. ತಕರಾರು ಶುರುವಾಗುವುದು ಮುಂದೆ, ಅದೇ ಕಂಪನಿ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಗುತ್ತಿಗೆಯ ದರ ಏರಿಸಿದಾಗ. ಬೇರೆಯವರನ್ನು ಕರೆಯೋಣ ಅಂದರೆ ಬಾಗಿಲಿಗೆ ಬೀಗ.

ಆ ಬೀಗ ಬ್ಯಾಕ್‌ನೆಟ್ ಅಂತ ಬರೆದ ಡಬ್ಬಿಯಲ್ಲೂ ಇರಬಹುದು. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವ ಗೆಳೆಯ ಹೇಳಿದ್ದು: “ಬೋರ್ಡ್ ಸಿಗ್ತೈತೆ ಅಣ್ಣಾ. ಅದಕ್ಕೆ ಪ್ರೋಗ್ರಾಂ ಹಾಕೋ ಸಾಫ್ಟ್‌ವೇರು, ಪಾಸ್‌ವರ್ಡು ಅವರತ್ರನೇ ಐತೆ.” ಮಾನಕ ಹೇಳುವುದು ಯಂತ್ರಗಳು ಹೇಗೆ ಮಾತಾಡಬೇಕು ಎಂಬುದನ್ನು ಮಾತ್ರ. ಒಳಗಿನ ಪ್ರೋಗ್ರಾಂ ಬರೆಯುವ ಉಪಕರಣ ಅದರ ವ್ಯಾಪ್ತಿಗೆ ಬರುವುದಿಲ್ಲ. ಸಾಲದ್ದಕ್ಕೆ ಕಂಪನಿಗಳು ತಮ್ಮದೇ ಖಾಸಗಿ ಗುಣಗಳನ್ನು ಸೇರಿಸಿಕೊಳ್ಳಲು ಅದರಲ್ಲೇ ಅವಕಾಶ ಇದೆ. ಹೊರಗಿನವರಿಗೆ ತಾಪಮಾನ ಕಾಣಿಸುತ್ತದೆ, ಅದನ್ನು ಬದಲಿಸುವ ದಾರಿ ಕಾಣಿಸದೆ ಇರಬಹುದು.

ನನ್ನ ಲೆಕ್ಕದಲ್ಲಿ ಎಎಚ್‌ಯು ಒಳಗಿನ ಕಂಟ್ರೋಲ್ ಒಂದೇ ಕಂಪನಿಯದಿದ್ದರೆ ತೊಂದರೆ ಇಲ್ಲ. ಚಿಲ್ಲರ್, ಜನರೇಟರ್, ಮೀಟರ್ ಬಂದು ಸೇರುವ ಸಂದುಗಳಲ್ಲಿ ಮಾತ್ರ ಬ್ಯಾಕ್‌ನೆಟ್ಟೋ ಮಾಡ್‌ಬಸ್ಸೋ ಇರಲೇಬೇಕು. ಜೊತೆಗೆ ಪ್ರೋಗ್ರಾಂ ಬ್ಯಾಕಪ್, ಪಾಸ್‌ವರ್ಡ್, ಸಾಫ್ಟ್‌ವೇರ್ ಲೈಸೆನ್ಸ್, ಯಾವ ಸಾಧನದಲ್ಲಿ ಏನೇನು ಸಿಗುತ್ತದೆ ಎಂಬ ಪಾಯಿಂಟ್ ಪಟ್ಟಿ ಕಟ್ಟಡದ ಮಾಲೀಕರ ಹೆಸರಿಗೇ ಅಂತ ಟೆಂಡರ್‌ನಲ್ಲೇ ಬರೆಸಿಕೊಳ್ಳಬೇಕು. ಆಮೇಲೆ ಕೇಳಿದರೆ ಅದಕ್ಕೂ ಬೇರೆ ಕೊಟೇಷನ್ ಬರುತ್ತದೆ.

ಬ್ಯಾಕ್‌ನೆಟ್ ನಿಜಕ್ಕೂ ಹೊರಗಿನವರಿಗೆ ತೆರೆದಿದೆಯೇ ಅಂತ ಪರೀಕ್ಷಿಸುವುದೂ ಕಷ್ಟವಲ್ಲ. ‘ಯಾಬೆ’ ಎಂಬ ಉಚಿತ ತಂತ್ರಾಂಶವನ್ನು ಸಂಬಂಧವೇ ಇಲ್ಲದ ಒಂದು ಲ್ಯಾಪ್‌ಟಾಪ್‌ಗೆ ಹಾಕಿ ನೆಟ್‌ವರ್ಕ್‌ಗೆ ಸಿಕ್ಕಿಸಬೇಕು. ಅದು ‘ಯಾರಿದ್ದೀರಿ’ ಅಂತ ಕೂಗುತ್ತದೆ, ಇರುವ ಸಾಧನಗಳೆಲ್ಲ ‘ನಾನಿದ್ದೇನೆ’ ಅಂತ ತಮ್ಮ ಸಂಖ್ಯೆ ಹೇಳುತ್ತವೆ. ಪಟ್ಟಿಯಲ್ಲಿದ್ದವರೆಲ್ಲ ಓಗೊಟ್ಟರಾ ನೋಡಿ. ಒಂದು ಎಎಚ್‌ಯುವಿನ ಸೆಟ್‌ಪಾಯಿಂಟನ್ನು, ಅಂದರೆ ಇರಬೇಕಾದ ತಾಪಮಾನವನ್ನು, 24ರಿಂದ 23ಕ್ಕೆ ಇಳಿಸಿ, ವಾಲ್ವ್ ಅಲುಗಿತಾ ನೋಡಿ, ಮತ್ತೆ 24 ಮಾಡಿ, 8ನೇ ಖಾನೆಯಲ್ಲಿ ಏನಾದರೂ ಬರೆದಿದ್ದರೆ ಅಳಿಸಿ. ಕೊನೆಯ ಬಿಲ್‌ಗೆ ಸಹಿ ಹಾಕುವ ಮುಂಚೆ ಗುತ್ತಿಗೆದಾರರ ಎದುರೇ ಇದನ್ನು ಮಾಡಿಸಿ.