ರೆಡ್ ಸ್ವಿಚ್ ಹಾಕಿದರೆ ಸದ್ದು ಬರಲ್ಲ ತಾನೇ?

ಪ್ರಶ್ನೆ: ಮಡಿಕೇರಿಯಲ್ಲಿ ಮನೆಯಿಂದಲೇ ಕೆಲಸ, ಅದೂ ರಾತ್ರಿ ಪಾಳಿ. ಪಕ್ಕದ ಕೋಣೆಯಲ್ಲಿ ಎಂಟು ತಿಂಗಳ ಮಗು, ಕೆಳಗಡೆ ಅತ್ತೆ, ಮಾವ. ಮೆಕ್ಯಾನಿಕಲ್ ಕೀಬೋರ್ಡ್ ನಾನೇ ಜೋಡಿಸಬೇಕು ಅಂತ ಆಸೆ, ಆದರೆ ಸದ್ದು ಬರಬಾರದು. ರೆಡ್ ಸ್ವಿಚ್ ತಗೊಂಡರೆ ಸಾಕು ತಾನೇ?

ಸಾಲದು.

ಇಷ್ಟೇ ಹೇಳಿ ಎದ್ದು ಹೋಗುವ ಆಸೆ ನನಗೆ. ಈ ಪ್ರಶ್ನೆಗೆ ಉತ್ತರ ಹೇಳುತ್ತಿರುವುದು ಎಷ್ಟನೇ ಸಲವೋ, ಲೆಕ್ಕ ಬಿಟ್ಟು ಬಹಳ ದಿನ ಆಯಿತು. ಗೋಣಿಕೊಪ್ಪದ ಕಾಲೇಜು ಹುಡುಗನೊಬ್ಬ ಕೇಳಿದ್ದ, ರೂಮ್‌ಮೇಟ್ ಬೈತಾನೆ ಅಂತ. ಹೋಂಸ್ಟೇ ಯಜಮಾನರೊಬ್ಬರು ಕೇಳಿದ್ದರು. ಮೊನ್ನೆ ನಮ್ಮ ಭಾವನೇ ಕೇಳಿದರು, ಅದೂ ರೆಡ್ ಸ್ವಿಚ್ಚಿನ ಕೀಬೋರ್ಡ್‌ಗೆ ದುಡ್ಡು ಕಟ್ಟಿ ಮುಗಿಸಿದ ಮೇಲೆ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಯ ಕೆಳಗೂ ಒಂದೊಂದು ಸ್ವಿಚ್ ಇರುತ್ತೆ, ಅದನ್ನು ಬಣ್ಣದಿಂದ ಕರೆಯುತ್ತಾರೆ. ಎಲ್ಲರ ತಲೆಯಲ್ಲೂ ಒಂದೇ ಮಗ್ಗಿ: ಬ್ಲೂ ಅಂದರೆ ಗಲಾಟೆ, ಬ್ರೌನ್ ಅಂದರೆ ನಡುಮಧ್ಯೆ, ರೆಡ್ ಅಂದರೆ ಮೌನ. ಮೊದಲನೆಯದು ನಿಜ. ಮೂರನೆಯದನ್ನು ತಲೆಯಿಂದ ಕೀಳೋದಕ್ಕೇ ಇವತ್ತು ಅರ್ಧ ಜಾಗ ಹೋಗುತ್ತೆ, ತಾಳ್ಮೆ ಇರಲಿ.

ಬಾಗಿಲಿನ ಲೆಕ್ಕದಲ್ಲಿ ಹೇಳ್ತೀನಿ. ಕಕ್ಕಡ ತಿಂಗಳ ಮಳೆಗಾಳಿಗೆ ಹಿಂಬಾಗಿಲು ಬಡಿದುಕೊಳ್ಳೋದು ನಮಗೆಲ್ಲ ಗೊತ್ತಿರುವುದೇ. ಆ ಬಾಗಿಲಿಗೆ ಎರಡು ಸದ್ದು: ಚಿಲಕ ಬೀಳುವ ‘ಕ್ಲಿಕ್’, ಹಲಗೆ ದಾರಂದಕ್ಕೆ ಬಡಿಯುವ ‘ಧಡ್’. ಚಿಲಕ ಬಿಚ್ಚಿ ಹಾಕಿದಿರಿ ಅಂತಿಟ್ಟುಕೊಳ್ಳಿ. ಕ್ಲಿಕ್ ಹೋಯಿತು. ಧಡ್ ಹೋಯಿತೇ? ಬ್ಲೂ ಸ್ವಿಚ್ ಚಿಲಕ ಇರುವ ಬಾಗಿಲು, ರೆಡ್ ಚಿಲಕ ಇಲ್ಲದ ಬಾಗಿಲು. ಬಡಿಯುವುದೇನೋ ಎರಡೂ ಬಡಿಯುತ್ತವೆ. ಸೈಲೆಂಟ್ ಸ್ವಿಚ್ ಅಂದರೆ ದಾರಂದಕ್ಕೆ ರಬ್ಬರ್ ಪಟ್ಟಿ ಅಂಟಿಸಿದ ಬಾಗಿಲು.

ಭಾವನಿಗೆ ಈ ಬಾಗಿಲಿನ ಕಥೆ ನಾಟಲಿಲ್ಲ. ಸರಿ, ಅಕ್ಕಿ ರೊಟ್ಟಿ ತಟ್ಟೆ ಸರಿಸಿ, ಊಟದ ಮೇಜಿನ ಮೇಲೇ ಒಂದು ರೆಡ್ ಸ್ವಿಚ್ ಬಿಚ್ಚಿದೆ. ಪಕ್ಕದ ಕೊಕ್ಕೆಗಳನ್ನು ಸಣ್ಣ ಚಿಮಟದಿಂದ ಮೀಟಿದರೆ ಮೇಲಿನ ಮುಚ್ಚಳ ಕಳಚುತ್ತೆ. ಒಳಗೆ ಕೂಡಿಸುವ ಚಿಹ್ನೆಯ ತಲೆ ಇರುವ ಕೆಂಪು ಕಡ್ಡಿ, ಅದಕ್ಕೆ ಸ್ಟೆಮ್ ಅನ್ನುತ್ತಾರೆ. ಕೆಳಗೆ ಒಂದು ಸ್ಪ್ರಿಂಗ್. ಪಕ್ಕದಲ್ಲಿ ಎಲೆಯಷ್ಟು ತೆಳ್ಳಗಿನ ಲೋಹದ ತಗಡು. ಇಷ್ಟೇ ಸಂಸಾರ. ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಒಟ್ಟು 4 ಮಿ.ಮೀ. ಕೆಳಗಿಳಿಯುತ್ತೆ, 2 ಮಿ.ಮೀ. ಇಳಿದಾಗಲೇ ಅಕ್ಷರ ಮೂಡಿರುತ್ತೆ. ಆದರೆ ಬೆರಳು ಅಲ್ಲಿ ನಿಲ್ಲುತ್ತದೆಯೇ? ಸುಮಾರು 45 ಗ್ರಾಂ ಭಾರಕ್ಕೇ ಬಾಗುವ ಹಗುರ ಸ್ಪ್ರಿಂಗ್, ತಡೆಯುವವರಿಲ್ಲ, ನೇರ ತಳಕ್ಕೆ ಹೋಗಿ ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಬಡಿಯುತ್ತೆ. ಬೆರಳೆತ್ತಿದಾಗ ಸ್ಪ್ರಿಂಗ್ ಅದನ್ನು ಮೇಲಕ್ಕೆ ಎಸೆಯುತ್ತೆ, ಸ್ಟೆಮ್ಮಿನ ಭುಜ ಮುಚ್ಚಳಕ್ಕೆ ಬಡಿಯುತ್ತೆ. ಒಂದು ಅಕ್ಷರಕ್ಕೆ ಎರಡು ಏಟು. ಇಂಗ್ಲಿಷಿನಲ್ಲಿ ನಿಮಿಷಕ್ಕೆ 60 ಪದ ಹೊಡೆಯುವವರು ಸುಮಾರು 300 ಸಲ ಕೀಲಿ ಒತ್ತುತ್ತಾರೆ, ಅಂದರೆ 600 ಏಟು.

ಬಿಚ್ಚುವ ಗೊಡವೆ ಬೇಡವೆಂದರೆ, ಯಾರದಾದರೂ ರೆಡ್ ಕೀಬೋರ್ಡ್ ಸಿಕ್ಕಾಗ ಒಂದು ಕೀಲಿ ಒತ್ತಿ ಹಾಗೇ ಹಿಡಿದುಕೊಳ್ಳಿ. ‘ಟಕ್’. ಎರಡು ಎಣಿಸಿ, ಬೆರಳನ್ನು ಥಟ್ಟನೆ ತೆಗೆಯಿರಿ. ಇನ್ನೊಂದು ‘ಟಕ್’, ಮೊದಲಿನದಕ್ಕಿಂತ ಸ್ವಲ್ಪ ತೆಳು. ಎರಡನೆಯದು ಕೇಳಿಸಿದ ಕ್ಷಣ ಎಲ್ಲರ ಮುಖ ಒಂದೇ ಥರ ಆಗುತ್ತೆ. ಭಾವನದೂ ಆಯಿತು. ಮೇಷ್ಟ್ರಾಗದೆ ಹೋದೆನಲ್ಲ ಅಂತ ನನಗೆ ಅನಿಸುವುದು ಇಂಥ ಹೊತ್ತಿನಲ್ಲೇ.

ಹಾಗಾದರೆ ರೆಡ್ ಮೇಲೆ ‘ಲೀನಿಯರ್’ ಅಂತ ಬರೆದಿರುತ್ತಲ್ಲ? ಅದು ಬೆರಳಿಗೆ ಸಂಬಂಧಪಟ್ಟ ಮಾತು. ಒತ್ತುವಾಗ ದಾರಿಯಲ್ಲಿ ಉಬ್ಬು ಸಿಗಲ್ಲ, ಮೇಲಿಂದ ಕೆಳಗಿನವರೆಗೂ ನುಣುಪು, ಅಷ್ಟೇ. ಬ್ರೌನ್‌ನಲ್ಲಿ ಒಂದು ಸಣ್ಣ ಉಬ್ಬು ಇರುತ್ತೆ, ಸದ್ದಿನಲ್ಲಿ ರೆಡ್‌ನ ಅಣ್ಣತಮ್ಮ. ನುಣ್ಣಗಿರುವುದಕ್ಕೂ ಸುಮ್ಮನಿರುವುದಕ್ಕೂ ಏನು ಸಂಬಂಧ?

ಇನ್ನು ಬಣ್ಣ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ಎಂಎಕ್ಸ್ ಸ್ವಿಚ್ ತಂದಿತು, ಅದರ ಬಣ್ಣಗಳೇ ಎಲ್ಲರ ಬಾಯಲ್ಲಿ ಉಳಿದವು. ಪೇಟೆಂಟ್ ಮುಗಿದ ಮೇಲೆ ಚೀನಾದ ಕಂಪನಿಗಳೂ ಅದೇ ಅಳತೆಯಲ್ಲಿ ಮಾಡತೊಡಗಿದವು. ಬಣ್ಣಕ್ಕೆ ಮಾತ್ರ ಯಾರ ಕಾನೂನೂ ಇಲ್ಲ. ಚೆರ್ರಿಯ ಕ್ಲಿಯರ್ ಅಂದರೆ ಉಬ್ಬಿರುವ, ಭಾರದ ಸ್ವಿಚ್. ಚೀನಾದ ಗೇಟರಾನ್‌ನ ಕ್ಲಿಯರ್ ಅಂದರೆ ಗಾಳಿಯಷ್ಟು ಹಗುರದ ಲೀನಿಯರ್. ಹೆಸರು ಒಂದೇ, ಸ್ವಭಾವ ಪೂರ್ತಿ ಬೇರೆ. ಬಣ್ಣ ನೋಡಿ ಸ್ವಿಚ್ ಕೊಳ್ಳುವುದು, ಚೀಲದ ಬಣ್ಣ ನೋಡಿ ಅರೇಬಿಕಾನೋ ರೊಬಸ್ಟಾನೋ ಅಂತ ಹೇಳಿದ ಹಾಗೆ.

“ಯೂಟ್ಯೂಬಿನಲ್ಲಿ ಕೇಳಿದೆ, ರೆಡ್ ತುಂಬ ಮೆತ್ತಗಿತ್ತು” ಅನ್ನುವವರಿಗೂ ಒಂದು ಮಾತು. ಅಲ್ಲಿ ಮೈಕು ಎಷ್ಟು ದೂರ ಇತ್ತು, ವಾಲ್ಯೂಮ್ ಎಷ್ಟು ಏರಿಸಿದರು, ಇಳಿಸಿದರು, ನಿಮಗೆ ಗೊತ್ತಿಲ್ಲ. ಸದ್ದಿನ ಗುಣ ಅಲ್ಲಿ ತಿಳಿಯಬಹುದು. ಎಷ್ಟು ಜೋರು ಅನ್ನುವುದು ತಿಳಿಯಲ್ಲ.

ಒ-ರಿಂಗ್ ಹಾಕಿದರೆ ಸರಿಹೋಗಲ್ವಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಬಂದೇ ಬರುತ್ತೆ. ಹಾಕಿ ನೋಡಿದ್ದೇನೆ. ಒಂದು ಭಾನುವಾರ ಪೂರ್ತಿ ಕೂತು 104 ಕೀಕ್ಯಾಪ್‌ಗಳ ಬುಡಕ್ಕೆ ಪುಟ್ಟ ರಬ್ಬರ್ ಬಳೆ ತೊಡಿಸಿದೆ. ಕೆಳಗಿನ ಏಟು ಮೆತ್ತಗಾಯಿತು, ಮೇಲಿನ ಏಟು ಹಾಗೇ ಇತ್ತು. ಒತ್ತಿದರೆ ಹಳಸಿದ ಕಡಂಬುಟ್ಟು ಒತ್ತಿದ ಹಾಗಾಗುತ್ತಿತ್ತು. ಮುಂದಿನ ಭಾನುವಾರ 104 ಬಳೆಗಳನ್ನೂ ಕಳಚಿದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹೆಸರಿನಲ್ಲಿ ‘ಸೈಲೆಂಟ್’ ಅಂತ ಸ್ಪಷ್ಟವಾಗಿ ಇರಬೇಕು, ವಿವರದಲ್ಲಿ ಸ್ಟೆಮ್ಮಿಗೆ ಡ್ಯಾಂಪನರ್ ಇದೆ ಅಂತ ಇರಬೇಕು. ಅಂದರೆ ಸ್ಟೆಮ್ಮಿನ ಮೇಲೂ ಕೆಳಗೂ ರಬ್ಬರಿನಂಥ ಮೆತ್ತನೆಯ ತುಣುಕು. ಚೆರ್ರಿಯದೇ ಸೈಲೆಂಟ್ ರೆಡ್ ಇದೆ. ಆ ತುಣುಕು ಜಾಗ ತಿನ್ನುವುದರಿಂದ ಅದು 4ರ ಬದಲು 3.7 ಮಿ.ಮೀ. ಇಳಿಯುತ್ತೆ. ಕಡಿಮೆ ದುಡ್ಡಿನಲ್ಲಿ ಆಗಬೇಕಾದರೆ ಔಟೆಮು ಕಂಪನಿಯ ಸೈಲೆಂಟ್ ಪೀಚ್ ನುಣುಪಿನದು, ಸೈಲೆಂಟ್ ಲೆಮನ್ ಉಬ್ಬಿನದು. ಉಬ್ಬೂ ಬೇಕು, ಮೌನವೂ ಬೇಕು, ಸ್ವಲ್ಪ ಖರ್ಚಾದರೂ ಪರವಾಗಿಲ್ಲ ಅಂದರೆ ಬೋಬಾ ಯು4. ಇಲ್ಲಿ ಜೋಪಾನ: ಯು4 ಬೇರೆ, ಯು4ಟಿ ಬೇರೆ. ಟಿ ಇರುವುದು ‘ಥಾಕ್’ ಅಂತ ಸದ್ದು ಬರಲೆಂದೇ ಮಾಡಿದ್ದು. ಅವಸರದಲ್ಲಿ ಆ ಒಂದು ಅಕ್ಷರ ನೋಡದೆ 70 ಸ್ವಿಚ್ ತರಿಸಿ, ಮೊದಲ ರಾತ್ರಿಯೇ “ಯಾರೋ ಬಾಗಿಲು ತಟ್ಟುತ್ತಿದ್ದಾರೆ ನೋಡಿ” ಅಂತ ಮನೆಯವರಿಂದ ಹೇಳಿಸಿಕೊಂಡವನು ನಾನು.

ಸೈಲೆಂಟ್ ಸ್ವಿಚ್ ಮೊದಲ ವಾರ ಯಾರಿಗೂ ಹಿಡಿಸಲ್ಲ. ತಳ ಮುಟ್ಟುವಾಗ ಗಟ್ಟಿ ನೆಲ ಸಿಗಲ್ಲ, ಹಾಸಿಗೆ ಮೇಲೆ ಕಾಲಿಟ್ಟ ಹಾಗೆ. ಅದಕ್ಕೇ ಮೊದಲು ಹತ್ತೇ ಹತ್ತು ತರಿಸಿ, ಬೋರ್ಡಿನ ಮಧ್ಯದ ಸಾಲಿಗೆ ಹಾಕಿ ನಾಲ್ಕು ದಿನ ಬಳಸಿ. ಹೀಗೆ ಬದಲಿಸಬೇಕಾದರೆ ಬೋರ್ಡ್ ಹಾಟ್‌ಸ್ವಾಪ್ ಆಗಿರಬೇಕು, ಅಂದರೆ ಸ್ವಿಚ್ ಕಿತ್ತು ಬೇರೆಯದನ್ನು ಸಿಕ್ಕಿಸುವಂತಿರಬೇಕು, ಇಲ್ಲದಿದ್ದರೆ ಬೆಸುಗೆ ಹಾಕುವ ಕಾವಿನ ಕಡ್ಡಿ ಹಿಡಿಯಬೇಕಾಗುತ್ತೆ. ಬೋರ್ಡಿನಲ್ಲಿ ಮೂರು ತೂತು, ಸ್ವಿಚ್ಚಿಗೆ ಐದು ಕಾಲು ಅಂತಾದರೆ ಹೆದರಬೇಡಿ, ಲೋಹದ ಎರಡನ್ನೂ ನಡುವಿನ ದಪ್ಪ ಕಾಲನ್ನೂ ಬಿಟ್ಟು ಪಕ್ಕದ ಎರಡು ತೆಳು ಪ್ಲಾಸ್ಟಿಕ್ ಕಾಲನ್ನು ಉಗುರು ಕತ್ತರಿಯಿಂದ ಕತ್ತರಿಸಿದರೆ ಕೂರುತ್ತೆ. ಕೆಲವು ಅಗ್ಗದ ಬೋರ್ಡಿನ ಸಾಕೆಟ್ ಔಟೆಮು ಸ್ವಿಚ್ಚನ್ನು ಬಿಟ್ಟು ಬೇರೆಯದನ್ನು ಒಳಗೆ ಬಿಟ್ಟುಕೊಳ್ಳಲ್ಲ, ಕೊಳ್ಳುವ ಮೊದಲೇ ಕೇಳಿ.

ಅತ್ತೆ, ಮಾವ ಕೆಳಗಿರುತ್ತಾರೆ ಅಂದಿರಿ. ನಿಮ್ಮದು ಹಲಗೆಯ ಅಟ್ಟವಾದರೆ ಸದ್ದು ಗಾಳಿಯಲ್ಲಿ ಹೋಗುವುದಕ್ಕಿಂತ ಮೇಜಿನ ಕಾಲಿನಲ್ಲಿ ಇಳಿದು ಹೋಗುವುದೇ ಹೆಚ್ಚು. ದುಬಾರಿ ಡೆಸ್ಕ್ ಮ್ಯಾಟ್ ಬೇಡ, ಹಳೆಯ ಕಂಬಳಿ ಎರಡು ಮಡಿಕೆ ಮಾಡಿ ಕೀಬೋರ್ಡ್ ಕೆಳಗೆ ಹಾಕಿ. ಬೋರ್ಡಿನ ಬೆನ್ನಿಗೆ ಟೇಪ್ ಅಂಟಿಸುವುದು, ಸ್ವಿಚ್ಚಿನ ಕೆಳಗೆ ತೆಳು ಫೋಮ್ ಹಾಸುವುದು ಇವೆಲ್ಲ ಸದ್ದಿನ ರುಚಿ ಬದಲಿಸುವ ಆಟಗಳು. ಮಗು ಮಲಗಿಸುವುದಕ್ಕೆ ಅಲ್ಲ.

ಇಷ್ಟಾದ ಮೇಲೂ ಒಂದು ಕಡೆಯಿಂದ ‘ಚರ್ ಚರ್’ ಅಂತ ತಗಡಿನ ಸದ್ದು ಬರುತ್ತೆ. ಅದು ಸ್ವಿಚ್ಚಿನದಲ್ಲ, ಸ್ಟೆಬಿಲೈಜರ್‌ನದು. ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್, ಶಿಫ್ಟ್ ಥರದ ಅಗಲದ ಕೀಲಿ ಓರೆಯಾಗದಿರಲಿ ಅಂತ ಕೆಳಗೆ ಬಾಗಿಸಿದ ತಂತಿ ಕೊಟ್ಟಿರುತ್ತಾರೆ. ತಂತಿಯ ತುದಿ ಸಡಿಲವಾಗಿದ್ದರೆ ಅಲ್ಲಾಡುತ್ತೆ. ತುದಿಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ದಪ್ಪಗೆ ಹಚ್ಚಿ, ಗುಣವಾಗುತ್ತೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಯಾರೂ ಕೇಳದ ಒಂದು ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ: ಕನ್ನಡ ಟೈಪ್ ಮಾಡುವವರಿಗೂ ಇದೇ ಸಲಹೆ ಸಾಕೇ? ಸಾಕಾಗಲ್ಲ. ನುಡಿಯಲ್ಲಿ ಬರೆಯುವವರು ಬಳಸುವ ಕಗಪ ವಿನ್ಯಾಸ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸದ ದಾರಿಯದು, ದೀರ್ಘ ಸ್ವರ ಬೇಕಾದಾಗಲೆಲ್ಲ ಶಿಫ್ಟ್ ಕೇಳುತ್ತೆ. ಮಹಾಪ್ರಾಣಕ್ಕೆ ಶಿಫ್ಟ್, ಣ, ಳ, ಶಕ್ಕೆ ಶಿಫ್ಟ್, ಸೊನ್ನೆಗೆ ಶಿಫ್ಟ್. ಮಡಿಕೇರಿ ಬರೆಯಲು ಒಂದು ಶಿಫ್ಟ್. ವಿರಾಜಪೇಟೆಗೆ ಎರಡು. ಭಾಗಮಂಡಲಕ್ಕೆ ಮೂರು. ಇಂಗ್ಲಿಷಿನವರು ವಾಕ್ಯಕ್ಕೊಮ್ಮೆ ಮುಟ್ಟುವ ಕೀಲಿಯನ್ನು ನಾವು ಪದಪದಕ್ಕೂ ಒತ್ತುತ್ತೇವೆ, ಅದೋ ತಂತಿ ಇರುವ ಕೀಲಿ! ವಿದೇಶದ ವಿಮರ್ಶಕರು ಸ್ಪೇಸ್‌ಬಾರ್ ಸದ್ದು ಹೇಗಿದೆ ಅಂತ ಪುಟಗಟ್ಟಲೆ ಬರೆಯುತ್ತಾರೆ. ನಮಗೆ ಬೇಕಾದದ್ದು ಶಿಫ್ಟ್ ಹೇಗಿದೆ ಅನ್ನುವುದು.

ಬಾಣದ ಗುರುತಿನ ಕೀಲಿಗಳಿರುವ 65% ಅನ್ನುವ ಚಿಕ್ಕ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಬಲಗಡೆ ಶಿಫ್ಟ್ 1.75 ಅಳತೆಯದು, ಅಂದರೆ ಅಕ್ಷರದ ಕೀಲಿಯ ಮುಕ್ಕಾಲು ಪಾಲು ಹೆಚ್ಚು ಅಗಲ. ಅಷ್ಟು ಚಿಕ್ಕದಕ್ಕೆ ತಂತಿ ಇರಲ್ಲ. ದೊಡ್ಡ ಬೋರ್ಡಿನಲ್ಲಿ ಅದೇ ಶಿಫ್ಟ್ 2.75, ತಂತಿ ಉಂಟು. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಕ್ರಮವಾಗಿ ಕಲಿತವರು ಎಡಗೈಯ ಅಕ್ಷರಕ್ಕೆ ಬಲ ಶಿಫ್ಟ್ ಒತ್ತುತ್ತಾರೆ. ಆಕಾರ, ಏಕಾರ ಎರಡೂ ಎಡಗೈಯಲ್ಲಿರುವುದರಿಂದ ಅವರಿಗೆ ಚಿಕ್ಕ ಬೋರ್ಡ್ ಲಾಭ. ನನ್ನ ಥರ ಎಲ್ಲದಕ್ಕೂ ಎಡ ಕಿರುಬೆರಳನ್ನೇ ದುಡಿಸುವವರಿಗೆ ಎಡ ಶಿಫ್ಟಿನ ಗ್ರೀಸೇ ಗತಿ.

ಕಗಪದಲ್ಲಿ ಒತ್ತಕ್ಷರ ಕೊಡುವ ಕೀಲಿ ಎಫ್. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಮನೆಯಲ್ಲಿ ಯಾರನ್ನು ಕರೆದರೂ ಎಫ್ ಒತ್ತಲೇಬೇಕು. ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಿಗೆ ಆ ಕೆಲಸ ಡಿ ಕೀಲಿಯದು. ತರಿಸಿದ ಸ್ವಿಚ್ಚುಗಳಲ್ಲಿ ಎಲ್ಲಕ್ಕಿಂತ ನುಣುಪಾಗಿ ಇಳಿಯುವುದನ್ನು ಆರಿಸಿ ನಾನು ಅಲ್ಲಿಗೆ ಇಡ್ತೀನಿ.

ಜೋಡಿಸಿದ ಮೇಲೆ ಪರೀಕ್ಷೆಗೆ ‘ಸೋಮವಾರಪೇಟೆ’ ಅಂತ ಹತ್ತು ಸಲ ಹೊಡೆಯಿರಿ, ಮೂರು ಶಿಫ್ಟ್ ಇದೆ. ನಿಮ್ಮವರನ್ನು ಪಕ್ಕದ ಕೋಣೆಯಲ್ಲಿ, ಬಾಗಿಲು ಮುಚ್ಚಿ ನಿಲ್ಲಿಸಿ. ಮಳೆ ಬಿಟ್ಟ ಗಳಿಗೆ ನೋಡಿಯೇ ಮಾಡಿ. ಸುರಿಯುವ ಹೊತ್ತಿನಲ್ಲಿ ಶೀಟಿನ ಕೆಳಗೆ ಕೂತು ಪರೀಕ್ಷಿಸಿದ ಭಾವ, ತನ್ನ ರೆಡ್ ಪೂರ್ತಿ ಸೈಲೆಂಟ್ ಅಂತ ಇನ್ನೂ ಸಾಧಿಸುತ್ತಿದ್ದಾರೆ.