ಒಮ್ಮೆ ಸೋತ ತಂಡ ಚಾಂಪಿಯನ್ ಆಗೋದು ಹೇಗೆ?

ಪ್ರಶ್ನೆ: "ಸರ್, ನಮ್ಮ ಹುಡುಗ ರಾತ್ರಿಯೆಲ್ಲ ಕೂತು ಡೋಟಾ ಫೈನಲ್ ಹಳೇ ವಿಡಿಯೋ ನೋಡ್ತಾನೆ. ಗೆದ್ದ ತಂಡ ಅದೇ ಟೂರ್ನಿಯಲ್ಲಿ ಮೊದಲೇ ಸೋತಿತ್ತಂತೆ. ಸೋತ ಮೇಲೆ ಮನೆಗೆ ಹೋಗಬೇಕಲ್ವಾ? ಫೈನಲ್‌ಗೆ ಹೇಗೆ ಬಂತು? ಇದೆಲ್ಲ ಮೊದಲೇ ಮಾತಾಡ್ಕೊಂಡು ಮಾಡೋ ನಾಟಕ ಅಂತ ನಮ್ಮ ಪಕ್ಕದ ಮನೆಯವರು ಹೇಳ್ತಾರೆ, ನಿಜವಾ?" (ಗೋಣಿಕೊಪ್ಪದ ಓದುಗರೊಬ್ಬರು)

ಉತ್ತರ: ನಿಜ ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ, ಐದೈದು ಜನರ ತಂಡಗಳು ಕಂಪ್ಯೂಟರ್‌ನಲ್ಲಿ ಆಡುವ ಡೋಟಾ ಆಟದ ದೊಡ್ಡ ಟೂರ್ನಿ ದಿ ಇಂಟರ್‌ನ್ಯಾಷನಲ್ ಪ್ರತಿ ವರ್ಷ ಮುಗಿದ ವಾರ ಬಂದೇ ಬರುತ್ತದೆ. ಈ ಸಲ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಚಿಕ್ಕ ಉತ್ತರ ಇಷ್ಟೇ. ಇದು ನಾಕೌಟ್ ಅಲ್ಲ, ಡಬಲ್ ಎಲಿಮಿನೇಷನ್. ಒಂದು ಸಲ ಸೋತರೆ ಕೆಳಗಿಳಿಯುತ್ತೀರಿ, ಎರಡು ಸಲ ಸೋತರೆ ಮನೆಗೆ. ಮೇಲಿನ ಸಾಲಿಗೆ ಅಪ್ಪರ್ ಬ್ರಾಕೆಟ್ ಅಂತಾರೆ, ಕೆಳಗಿನದಕ್ಕೆ ಲೋಯರ್ ಬ್ರಾಕೆಟ್. ಮೇಲಿನ ಸಾಲಿನಲ್ಲಿ ಸೋಲದೆ ಉಳಿದ ಒಂದು ತಂಡ, ಕೆಳಗಿನ ಸಾಲಿನಲ್ಲಿ ಎಲ್ಲರನ್ನೂ ಮುಗಿಸಿ ಬಂದ ಒಂದು ತಂಡ, ಇವೆರಡರ ನಡುವೆ ಗ್ರ್ಯಾಂಡ್ ಫೈನಲ್. ಅದರಲ್ಲಿ ಐದು ಗೇಮ್, ಮೂರು ಗೆದ್ದವರು ಚಾಂಪಿಯನ್.

ನಮ್ಮ ಕಡೆಯವರಿಗೆ ಈ ಅನುಮಾನ ಬರೋದು ಯಾಕೆ ಅಂತ ನನಗೆ ಗೊತ್ತು. ಕೊಡಗಿನ ನಾವು ಬೆಳೆದದ್ದೇ ಕೊಡವ ಕುಟುಂಬಗಳ ಹಾಕಿ ನಮ್ಮೆ, ಅಂದರೆ ಹಾಕಿ ಹಬ್ಬ, ನೋಡಿಕೊಂಡು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗಿನಿಂದ ಅಲ್ಲಿ ಲೆಕ್ಕ ಒಂದೇ, ಸೋತರೆ ಸ್ಟಿಕ್ ಜೀಪಿಗೆ ಹಾಕು, ಹೊರಡು. ಮೊದಲ ಸುತ್ತಿನಲ್ಲಿ ಸೋತ ಒಕ್ಕ (ಒಂದು ಕುಟುಂಬದ ತಂಡ) ಫೈನಲ್ ದಿನ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ಹೊಡೆಯಬೇಕು, ಅಷ್ಟೇ. ಆ ಕಣ್ಣಿನಿಂದ ನೋಡಿದರೆ ಸೋತವನು ತಿರುಗಿ ಬಂದು ಕಪ್ ಎತ್ತೋದು ವಿಚಿತ್ರ ಅನಿಸುತ್ತದೆ, ಒಪ್ಪುತ್ತೇನೆ.

ಆದರೆ ವಿಚಿತ್ರ ಅನಿಸೋದಕ್ಕೂ ಮೋಸ ಅನ್ನೋದಕ್ಕೂ ತುಂಬಾ ದೂರ ಇದೆ. ಈಗ ಆ ಪಕ್ಕದ ಮನೆಯವರ ವಿಷಯಕ್ಕೆ ಬರೋಣ.

ಅವರ ವಾದವನ್ನು ನಾನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. "ಸೋತವರನ್ನೇ ಗೆಲ್ಲಿಸ್ತಾರೆ, ಆಗ ಕಥೆ ಚೆನ್ನಾಗಿರುತ್ತೆ, ಜನ ಜಾಸ್ತಿ ನೋಡ್ತಾರೆ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಇದನ್ನು ಹಾಗೇ ನಂಬಿಬಿಡುತ್ತಾರೆ. ಫಲಿತಾಂಶಗಳ ಪಟ್ಟಿ ಯಾರಾದರೂ ತೆಗೆದು ನೋಡಿದ್ದೀರಾ? ನೋಡಿಲ್ಲ. ನಾನೇ ಹೇಳುತ್ತೇನೆ, ಕೇಳಿ.

ಮೊದಲ ಹತ್ತು ದಿ ಇಂಟರ್‌ನ್ಯಾಷನಲ್ ಟೂರ್ನಿ ತಗೊಳ್ಳಿ. 2011ರಲ್ಲಿ ಕಲೋನ್‌ನಲ್ಲಿ ನಾಟುಸ್ ವಿನ್ಸೆರೆ ಗೆದ್ದಿತು, ಮೇಲಿನ ಸಾಲಿನಿಂದ ಬಂದಿತ್ತು. 2013ರಲ್ಲಿ ಅಲಯನ್ಸ್, 2014ರಲ್ಲಿ ನ್ಯೂಬೀ, 2016ರಲ್ಲಿ ವಿಂಗ್ಸ್, 2018 ಮತ್ತು 2019ರಲ್ಲಿ ಓಜಿ, ಇವರೆಲ್ಲ ಮೇಲಿನ ಸಾಲಿನವರೇ. ಕೆಳಗಿಳಿದು ಮತ್ತೆ ಹತ್ತಿ ಬಂದು ಗೆದ್ದವರು ನಾಲ್ಕೇ ತಂಡ: 2012ರಲ್ಲಿ ಇನ್ವಿಕ್ಟಸ್ ಗೇಮಿಂಗ್, 2015ರಲ್ಲಿ ಈವಿಲ್ ಜೀನಿಯಸಸ್, 2017ರಲ್ಲಿ ಟೀಮ್ ಲಿಕ್ವಿಡ್, ಆಮೇಲೆ 2021ರಲ್ಲಿ ಟೀಮ್ ಸ್ಪಿರಿಟ್. ಹತ್ತರಲ್ಲಿ ಆರು ಮೇಲಿನವರದ್ದು, ನಾಲ್ಕು ಕೆಳಗಿನವರದ್ದು. ಇದು ನಾಟಕವಾದರೆ ಬರೆದವನಿಗೆ ಒಂದು ನಿರ್ಧಾರವೇ ಇಲ್ಲ.

ಇನ್ನೂ ಚೆನ್ನಾದ ಉದಾಹರಣೆ ಚೀನಾದ ಪಿಎಸ್‌ಜಿ.ಎಲ್‌ಜಿಡಿ. 2018ರಲ್ಲಿ ವ್ಯಾಂಕೂವರ್‌ನಲ್ಲಿ ಅವರು ಓಜಿ ಕೈಲಿ ಸೋತು ಕೆಳಗಿಳಿದರು, ಗೆದ್ದು ಮತ್ತೆ ಫೈನಲ್‌ಗೆ ಬಂದರು, ಅದೇ ಓಜಿ ಮೇಲೆ 2-1 ಮುಂದೆಯೂ ಇದ್ದರು. ನಿಮ್ಮ ಪಕ್ಕದ ಮನೆಯವರ ಪ್ರಕಾರ ಅಲ್ಲಿ ಅವರು ಗೆಲ್ಲಬೇಕಿತ್ತು. ಸೋತರು, 3-2. ಮೂರು ವರ್ಷ ಬಿಟ್ಟು 2021ರಲ್ಲಿ ಬುಕಾರೆಸ್ಟ್‌ನಲ್ಲಿ ಅದೇ ಹೆಸರಿನ ತಂಡ ಈ ಸಲ ಒಂದೂ ಸೋಲದೆ ಮೇಲಿನ ಸಾಲಿನಿಂದ ಫೈನಲ್‌ಗೆ ಬಂತು. ಆಗಲೂ ಸೋತಿತು, ಮತ್ತೆ 3-2. ಕೆಳಗಿನಿಂದ ಬಂದರೂ ಸೋಲು, ಮೇಲಿನಿಂದ ಬಂದರೂ ಸೋಲು, ಪಾಪ.

ಎರಡನೇ ವಿಷಯ. ಲೋಯರ್ ಬ್ರಾಕೆಟ್ ಅಂದರೆ ಯಾರೋ ಕರುಣೆಯಿಂದ ಕೊಟ್ಟ ಅವಕಾಶ ಅಂದುಕೊಂಡಿದ್ದೀರಲ್ಲ, ಸುಮ್ನೆ ಒಂದು ಲೆಕ್ಕ ಹಾಕಿ. 2021ರಲ್ಲಿ ಮುಖ್ಯ ಹಂತದಲ್ಲಿ 16 ತಂಡ. ಅದಕ್ಕೂ ಮುಂಚಿನ ಗುಂಪು ಹಂತದಲ್ಲಿ ಚೆನ್ನಾಗಿ ಆಡಿದ 8 ಮೇಲೆ, ಉಳಿದ 8 ಶುರುವಿನಿಂದಲೇ ಕೆಳಗೆ. ಕೆಳಗಿನವರಿಗೆ ಮೊದಲ ಸುತ್ತು ಒಂದೇ ಗೇಮ್, ಅದು ಹೋದರೆ ಪೆಟ್ಟಿಗೆ ಕಟ್ಟೋದೇ. ಮೇಲಿನ ಸಾಲಿನಲ್ಲಿ ಸೋಲದೆ ಸಾಗಿದ ತಂಡ ಚಾಂಪಿಯನ್ ಆಗಬೇಕಾದರೆ ಗೆಲ್ಲಬೇಕಾದ್ದು 4 ಸೀರೀಸ್ (ಒಂದೇ ಎದುರಾಳಿ ಜೊತೆ ಆಡುವ ಕೆಲವು ಗೇಮ್‌ಗಳು ಸೇರಿ ಒಂದು ಸೀರೀಸ್). ಟೀಮ್ ಸ್ಪಿರಿಟ್ ಮೇಲಿನ ಮೊದಲ ಸುತ್ತಿನಲ್ಲೇ ಇನ್ವಿಕ್ಟಸ್ ಗೇಮಿಂಗ್ ಕೈಲಿ ಸೋತಿತು. ಅಲ್ಲಿಂದ ಕೆಳಗೆ 5, ಆಮೇಲೆ ಫೈನಲ್, ಒಟ್ಟು 6 ಸೀರೀಸ್ ಗೆಲ್ಲಬೇಕು, ಎಲ್ಲೂ ಇನ್ನೊಂದು ಸಲ ಎಡವುವ ಹಾಗಿಲ್ಲ. ಆ ದಾರಿಯಲ್ಲಿ ತಮ್ಮನ್ನು ಕೆಳಗೆ ತಳ್ಳಿದ ಇನ್ವಿಕ್ಟಸ್ ಮತ್ತೆ ಎದುರಾಯಿತು, ಅದನ್ನೂ ಹೊಡೆದೇ ಮುಂದೆ ಹೋದರು. ಮೇಲಿನ ಸಾಲಿನಲ್ಲಿ ಗೆದ್ದ ತಂಡ ಆರಾಮಾಗಿ ಕೂತು ಎದುರಾಳಿಗಳ ಆಟ ನೋಡಿ ನೋಟ್ಸ್ ಮಾಡಿಕೊಳ್ಳುತ್ತದೆ. ಕೆಳಗಿನಿಂದ ಬಂದವರು ಅದೇ ದಿನ ಲೋಯರ್ ಬ್ರಾಕೆಟ್ ಫೈನಲ್ ಮುಗಿಸಿ, ಬೆವರು ಒರೆಸಿಕೊಂಡು ಗ್ರ್ಯಾಂಡ್ ಫೈನಲ್‌ಗೆ ಕೂರಬೇಕು. ಇದರಲ್ಲಿ ಕರುಣೆ ಎಲ್ಲಿದೆ?

ಆ ಫೈನಲ್ ನಡೆದದ್ದು ಅಕ್ಟೋಬರ್ 17ಕ್ಕೆ, ನಮ್ಮಲ್ಲಿ ತಲಕಾವೇರಿ ತೀರ್ಥೋದ್ಭವದ ದಿನ. ಕೋವಿಡ್ ಅಂತ ಬುಕಾರೆಸ್ಟ್ ಸ್ಟೇಡಿಯಂನಲ್ಲಿ ಪ್ರೇಕ್ಷಕರೇ ಇರಲಿಲ್ಲ. ಸ್ಪಿರಿಟ್ ಮೊದಲೆರಡು ಗೇಮ್ ಗೆದ್ದಿತು, ಎಲ್‌ಜಿಡಿ ಮುಂದಿನೆರಡು ಗೆದ್ದು ಸಮ ಮಾಡಿತು. ಐದನೇ ಗೇಮ್. ಆಟ ಶುರುವಾಗುವ ಮುಂಚೆ ಎರಡೂ ತಂಡ ಸರದಿಯಂತೆ ಹೀರೋಗಳನ್ನು, ಅಂದರೆ ತಾವು ಆಡಿಸುವ ಪಾತ್ರಗಳನ್ನು, ಆರಿಸಿಕೊಳ್ಳುತ್ತವೆ, ಎದುರಾಳಿಗೆ ಸಿಗಬಾರದ ಹೀರೋಗಳನ್ನು ಬ್ಯಾನ್ ಮಾಡುತ್ತವೆ. ಸ್ಪಿರಿಟ್‌ನ ಕೊಲ್ಯಾಪ್ಸ್ ಎಂಬ ಆಟಗಾರ ಮ್ಯಾಗ್ನಸ್ ಎಂಬ ಹೀರೋ ಸಿಕ್ಕರೆ ಏನು ಮಾಡುತ್ತಾನೆ ಅಂತ ಟೂರ್ನಿ ಉದ್ದಕ್ಕೂ ಎಲ್ಲರೂ ನೋಡಿದ್ದರು. ಎದುರಾಳಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಸೀದಾ ತನ್ನವರ ಮಧ್ಯಕ್ಕೆ ಎಳೆದು ತರುತ್ತಾನೆ, ಅಲ್ಲಿ ನಾಲ್ಕು ಜನ ಕಾಯುತ್ತಿರುತ್ತಾರೆ. ಎಲ್‌ಜಿಡಿ ಮ್ಯಾಗ್ನಸ್‌ನನ್ನು ಬ್ಯಾನ್ ಮಾಡಲಿಲ್ಲ. ಸ್ಪಿರಿಟ್ ಎತ್ತಿಕೊಂಡಿತು. ಆ ಗೇಮೂ ಕಪ್ಪೂ ಅವರದ್ದೇ ಆಯಿತು.

"ನೋಡಿ, ಬೇಕಂತಲೇ ಬಿಟ್ಟುಕೊಟ್ಟರು!" ಅಂತೀರಿ ಈಗ. ಬಹುಮಾನದ ಲೆಕ್ಕ ನೋಡಿ. ಆ ವರ್ಷ ಒಟ್ಟು ಬಹುಮಾನ 4 ಕೋಟಿ ಡಾಲರ್‌ಗೂ ಸ್ವಲ್ಪ ಜಾಸ್ತಿ, ಆಗಿನ ನಮ್ಮ ರೂಪಾಯಿಯಲ್ಲಿ ಸುಮಾರು 300 ಕೋಟಿ. ಗೆದ್ದವರಿಗೆ 182 ಲಕ್ಷ ಡಾಲರ್, ಎರಡನೆಯವರಿಗೆ 52 ಲಕ್ಷ. ಅಂದರೆ ಆ ಒಂದು ಗೇಮ್ ಸೋತದ್ದಕ್ಕೆ ಎಲ್‌ಜಿಡಿ ಕಳೆದುಕೊಂಡದ್ದು ಹತ್ತಿರ ಹತ್ತಿರ 100 ಕೋಟಿ ರೂಪಾಯಿ. ಅಷ್ಟು ದುಡ್ಡು ಬಿಟ್ಟುಕೊಡಲು ಯಾರು ಯಾರಿಗೆ ಎಷ್ಟು ಕೊಡಬೇಕು, ನೀವೇ ಹೇಳಿ. ಇನ್ನೊಂದು ಮಾತು, ಮ್ಯಾಗ್ನಸ್‌ನನ್ನು ಬ್ಯಾನ್ ಮಾಡಿದ್ದರೆ ಇನ್ನೊಂದು ಹೀರೋ ಬಿಡಬೇಕಿತ್ತು, ಎಲ್ಲವನ್ನೂ ಮುಚ್ಚಲು ಆಗಲ್ಲ.

ಈ ಆಟಗಳಲ್ಲಿ ಫಿಕ್ಸಿಂಗ್ ಆಗಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಗಿದೆ. 2013ರಲ್ಲಿ ಡೋಟಾದ ಒಬ್ಬ ರಷ್ಯನ್ ಆಟಗಾರ ತನ್ನದೇ ತಂಡ ಸೋಲುತ್ತದೆ ಅಂತ 100 ಡಾಲರ್ ಬಾಜಿ ಕಟ್ಟಿ ಸಿಕ್ಕಿಬಿದ್ದ. ಗೆದ್ದರೆ ಬರುತ್ತಿದ್ದದ್ದು 322 ಡಾಲರ್. ಇವತ್ತಿಗೂ ಯಾರಾದರೂ ಪೆದ್ದು ತಪ್ಪು ಮಾಡಿದರೆ ಚಾಟ್ ತುಂಬ 322, 322 ಅಂತ ಸುರಿಯುತ್ತದೆ, ನಿಮ್ಮ ಹುಡುಗನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ. ಕೌಂಟರ್ ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟದಲ್ಲಿ ಐಬೈಪವರ್ ತಂಡ 2014ರಲ್ಲಿ ಬೇಕಂತಲೇ ಒಂದು ಪಂದ್ಯ ಸೋತಿತು, 2015ರಲ್ಲಿ ಈ ಎರಡೂ ಆಟಗಳನ್ನು ಮಾಡಿದ ವಾಲ್ವ್ ಕಂಪನಿ ಅದರ ನಾಲ್ವರು ಆಟಗಾರರನ್ನು ಹೊರಗೆ ಹಾಕಿತು. ಗಮನಿಸಿ, ಇವೆಲ್ಲ ಯಾರೂ ಅಷ್ಟಾಗಿ ನೋಡದ ಸಣ್ಣ ಪಂದ್ಯಗಳು. ಬಾಜಿಯಲ್ಲಿ ಸಿಗೋದು ಬಹುಮಾನಕ್ಕಿಂತ ಜಾಸ್ತಿ ಆಗುವ ಕಡೆ ಕಳ್ಳತನ ಆಗುತ್ತದೆ. ಲಕ್ಷಗಟ್ಟಲೆ ಜನ ಒಂದೊಂದು ಕ್ಲಿಕ್ಕನ್ನೂ ರೀಪ್ಲೇಯಲ್ಲಿ ಹಿಂದೆ ಮುಂದೆ ಮಾಡಿ ನೋಡುವ ಫೈನಲ್‌ನಲ್ಲಿ ಅಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಒಂದಿದೆ. ಮೇಲಿನ ಸಾಲಿನಲ್ಲಿ ಶುರು ಮಾಡಿದ ಎಲ್ಲರಿಗೂ ಒಂದು ಸೋಲು ಮಾಫಿ ಅಂದಮೇಲೆ ಮೇಲಿನಿಂದ ಬಂದ ತಂಡ ಫೈನಲ್‌ನಲ್ಲಿ ಒಂದೇ ಸಲ ಸೋತು ಕಪ್ ಕಳೆದುಕೊಳ್ಳೋದು ನ್ಯಾಯವಾ? ಇದು ಸರಿಯಾದ ತಕರಾರು. ಎವೋದಂಥ ಫೈಟಿಂಗ್ ಗೇಮ್ ಟೂರ್ನಿಗಳಲ್ಲಿ ಇದಕ್ಕೆ ಬ್ರಾಕೆಟ್ ರೀಸೆಟ್ ಇದೆ, ಕೆಳಗಿನಿಂದ ಬಂದವನು ಫೈನಲ್‌ನಲ್ಲಿ ಎರಡು ಸಲ ಗೆಲ್ಲಬೇಕು. ಅಲ್ಲಿ ಒಂದು ಪಂದ್ಯ ನಿಮಿಷಗಳಲ್ಲಿ ಮುಗಿಯುತ್ತದೆ. ಡೋಟಾದಲ್ಲಿ ಒಂದು ಗೇಮ್‌ಗೆ ಸುಲಭವಾಗಿ ಮುಕ್ಕಾಲು ಗಂಟೆ ಬೇಕು. ಐದು ಗೇಮ್‌ನ ಫೈನಲ್ ಎರಡು ಸಲ ಆಡಿಸಿದರೆ ಆಟಗಾರರು ಮೌಸ್ ಮೇಲೇ ನಿದ್ದೆ ಹೋಗುತ್ತಾರೆ. ಹಾಗಾಗಿ ಬಿಟ್ಟಿದ್ದಾರೆ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ, ಮೇಲಿನವರಿಗೆ ಹೀರೋ ಆರಿಸುವಾಗಲಾದರೂ ಇನ್ನೊಂದಿಷ್ಟು ಅನುಕೂಲ ಕೊಡಬಹುದು ಅನಿಸುತ್ತದೆ.

ಇಷ್ಟು ಕಷ್ಟ ಯಾಕೆ ಪಡುತ್ತಾರೆ ಅಂದರೆ, ನಾಕೌಟ್‌ನಲ್ಲಿ ಮೊದಲನೇ ಸ್ಥಾನ ಸರಿಯಾಗಿ ಸಿಗುತ್ತದೆ, ಎರಡನೆಯದು ಸಿಗಲ್ಲ. ಟೂರ್ನಿಯ ಎರಡನೇ ಅತ್ಯುತ್ತಮ ತಂಡಕ್ಕೆ ಮೊದಲ ದಿನವೇ ಅತ್ಯುತ್ತಮ ತಂಡ ಎದುರಾದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಹಾಕಿ ನಮ್ಮೆಯಲ್ಲೂ ಪ್ರತಿ ವರ್ಷ ಯಾವುದೋ ಬಲವಾದ ಒಕ್ಕಕ್ಕೆ ಹೀಗಾಗುತ್ತದೆ, ಡ್ರಾ ಬಂದ ದಿನ ಅವರ ಮನೆಯಲ್ಲಿ ಏನು ಮಾತಾಗುತ್ತದೆ ಅಂತ ನಿಮಗೂ ಗೊತ್ತು.

ಹಾಗಾದರೆ ನಮ್ಮಲ್ಲೂ ಡಬಲ್ ಎಲಿಮಿನೇಷನ್ ಮಾಡಬಹುದಲ್ವಾ? ಲೆಕ್ಕ ಹಾಕೋಣ, ಇದು ನನ್ನ ಇಷ್ಟದ ಲೆಕ್ಕ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ 360 ಒಕ್ಕ ಆಡಿ ಗಿನ್ನೆಸ್ ದಾಖಲೆ ಆಯಿತು. ನಾಕೌಟ್‌ನಲ್ಲಿ ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ. ಒಂದು ತಂಡ ಬಿಟ್ಟು ಉಳಿದವರೆಲ್ಲ ಮನೆಗೆ ಹೋಗಬೇಕು ಅಂದರೆ 359 ಪಂದ್ಯ. ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗೋದು) ಎಷ್ಟೇ ಕೊಡಿ, ಬದಲಾಗಲ್ಲ. ಡಬಲ್ ಎಲಿಮಿನೇಷನ್ ಆದರೆ ಫೈನಲ್ ಆಡುವ ಇಬ್ಬರನ್ನು ಬಿಟ್ಟು ಉಳಿದ 358 ತಂಡ ತಲಾ ಎರಡು ಸಲ ಸೋಲಬೇಕು, ಅದು 716. ಫೈನಲಿಸ್ಟ್‌ಗಳ ಲೆಕ್ಕದಲ್ಲಿ ಇನ್ನೆರಡು ಸೋಲು, ಫೈನಲ್ ಯಾರೇ ಗೆಲ್ಲಲಿ ಅಷ್ಟೇ ಬರುತ್ತದೆ, ಕಾಗದದ ಮೇಲೆ ಬರೆದು ನೋಡಿ. ಒಟ್ಟು 718 ಪಂದ್ಯ, ಸರಿಯಾಗಿ ಎರಡರಷ್ಟು. ಈಗಲೇ ಬೇಸಿಗೆ ರಜೆಯೆಲ್ಲ ಅದಕ್ಕೇ ಹೋಗುತ್ತದೆ, ಜೂನ್ ಬಂದರೆ ಮೈದಾನ ಗದ್ದೆ ಆಗುತ್ತದೆ. ಕೊನೆಯ ಎಂಟು ತಂಡಕ್ಕೆ ಮಾತ್ರ ಮಾಡಿದರೆ 7 ಪಂದ್ಯದ ಜಾಗದಲ್ಲಿ 14 ಆಗುತ್ತದೆ, ಬರೀ 7 ಜಾಸ್ತಿ. ಮುಂದಿನ ಸಲ ನಡೆಸುವ ಒಕ್ಕದವರು ಯಾರಾದರೂ ಪರಿಚಯ ಇದ್ದರೆ ಒಂದು ಮಾತು ಹಾಕಿ ನೋಡಿ, ಬೈದರೆ ನನ್ನ ಹೆಸರು ಹೇಳಬೇಡಿ.