ಸಿ ಡ್ರೈವ್ ಕೆಂಪಾದಾಗ ಡಿ ಡ್ರೈವ್ ಯಾಕೆ ನೆರವಿಗೆ ಬರಲ್ಲ?

ರಿಪೇರಿಗೆ ಬರುವ ಮನೆ ಕಂಪ್ಯೂಟರ್‌ಗಳಲ್ಲಿ ಇದು ಮಾಮೂಲಿ. ವಿಂಡೋಸ್ ಇರುವ ಸಿ ಡ್ರೈವ್‌ನ ಜಾಗ ತೋರಿಸುವ ಪಟ್ಟಿ ಪೂರ್ತಿ ಕೆಂಪು. ಪಕ್ಕದ ಡಿ, ಇ ಎರಡೂ ಮುಕ್ಕಾಲು ಖಾಲಿ. "ಇಷ್ಟೊಂದು ಜಾಗ ಇದೆಯಲ್ಲ ಸಾರ್, ಅಪ್‌ಡೇಟ್ ಯಾಕೆ ಆಗ್ತಿಲ್ಲ?" ಅಂತ ಕೇಳ್ತಾರೆ. ಇಲ್ಲಿ ವಿಂಡೋಸ್‌ದೇನೂ ತಪ್ಪಿಲ್ಲ. ಪಾರ್ಟಿಷನ್ ಮಾಡಿದವರು, ಅಂದರೆ ಡಿಸ್ಕನ್ನು ಡ್ರೈವ್‌ಗಳಾಗಿ ತುಂಡು ಮಾಡಿದವರು, ಸಿ ಡ್ರೈವ್‌ಗೆ ಜಾಗ ಕೊಡಲು ಜಿಪುಣತನ ಮಾಡಿದ್ದಾರೆ, ಅಷ್ಟೇ.

ಸಿಯನ್ನು ಚಿಕ್ಕದಾಗಿಡುವ ಈ ಅಭ್ಯಾಸ ಹಾರ್ಡ್ ಡಿಸ್ಕ್ ಕಾಲದ್ದು. ಆಗ ಅದಕ್ಕೆ ಅರ್ಥ ಇತ್ತು. ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ವೇಗ ಜಾಸ್ತಿ, ಡಿಸ್ಕ್‌ನ ಮೊದಲ ಪಾರ್ಟಿಷನ್ ಅಲ್ಲೇ ಬೀಳುತ್ತಿತ್ತು. ವಿಂಡೋಸ್ ಎಕ್ಸ್‌ಪಿಗೆ 1.5 ಜಿಬಿ ಇದ್ದರೆ ನಡೆಯುತ್ತಿತ್ತು. ವಿಂಡೋಸ್ 11 ಕನಿಷ್ಠ 64 ಜಿಬಿ ಡಿಸ್ಕ್ ಕೇಳುತ್ತದೆ. ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಅಂಚೂ ಇಲ್ಲ. ಆದರೂ ಹೊಸ ಲ್ಯಾಪ್‌ಟಾಪ್ ಬಂದ ಕೂಡಲೇ ಸಿ, ಡಿ, ಇ, ಎಫ್ ಅಂತ ನಾಲ್ಕು ತುಂಡು ಮಾಡಿಸುವವರು ಈಗಲೂ ಇದ್ದಾರೆ.

ಹಾಗಾದರೆ ಡಿ ಜಾಗವನ್ನು ಸಿಗೆ ಸೇರಿಸಿದರೆ ಆಯ್ತಲ್ವಾ? ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಡಿ ಅಳಿಸಿ ಜಾಗ ಖಾಲಿ ಮಾಡಿದರೂ ಸಿ ಮೇಲಿನ 'ಎಕ್ಸ್‌ಟೆಂಡ್ ವಾಲ್ಯೂಮ್' ಎಷ್ಟೋ ಸಲ ಮಂಕಾಗಿಯೇ ಇರುತ್ತದೆ. ಖಾಲಿ ಜಾಗ ಸಿಯ ಬಲಕ್ಕೆ ಅಂಟಿಕೊಂಡೇ ಇರಬೇಕು ಎಂಬುದು ಅದರ ನಿಯಮ. ನಡುವೆ, ವಿಂಡೋಸ್ ಕೆಟ್ಟರೆ ರಿಪೇರಿಗೆ ಬೇಕಾಗುವ ರಿಕವರಿ ಪಾರ್ಟಿಷನ್ ಕೂತಿರುತ್ತದೆ. ನಿಮ್ಮ ಸೈಟಿಗೂ ನೀವು ಕೊಂಡ ಇನ್ನೊಂದು ಸೈಟಿಗೂ ನಡುವೆ ಬೇರೆಯವರ ಮನೆ ಇದ್ದಂತೆ. ಆ ರಿಕವರಿಯನ್ನು ಸರಿಸುವ ಸಾಫ್ಟ್‌ವೇರ್‌ಗಳು ಇವೆ. ಆದರೆ ಸರಿಸುವಾಗ ಕರೆಂಟ್ ಹೋದರೆ ಕಥೆ ಮುಗೀತು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಈ ಕೆಲಸಕ್ಕೆ ಇಳಿಯಲೇಬೇಡಿ.

"ಸುಮ್ನೆ ಜಾಗ ತಿನ್ನುತ್ತೆ" ಅಂತ ಇಂಥ ಸಣ್ಣ ಪಾರ್ಟಿಷನ್‌ಗಳನ್ನು ಅಳಿಸುವವರೂ ಉಂಟು. ಸಾಮಾನ್ಯವಾಗಿ 100 ಎಂಬಿ ಇರುವ ಇಎಫ್‌ಐ ಪಾರ್ಟಿಷನ್ ಹೋದರೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ರಿಕವರಿ ಹೋದರೆ ಇವತ್ತು ಏನೂ ಗೊತ್ತಾಗಲ್ಲ, ವಿಂಡೋಸ್ ಕೆಟ್ಟ ದಿನ ಗೊತ್ತಾಗುತ್ತದೆ. ಅದು ತೀರಾ ಚಿಕ್ಕದಾದರೂ ತೊಂದರೆಯೇ. 2024ರ ಜನವರಿಯಲ್ಲಿ ಬಂದ ವಿಂಡೋಸ್ 10ರ ಒಂದು ಅಪ್‌ಡೇಟ್‌ಗೆ ರಿಕವರಿಯಲ್ಲಿ 250 ಎಂಬಿ ಖಾಲಿ ಬೇಕಿತ್ತು. ಅಷ್ಟಿಲ್ಲದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಮತ್ತೆ ಮತ್ತೆ ಫೇಲ್ ಆಯಿತು.

ನನ್ನ ಲೆಕ್ಕ ಸರಳ. 256 ಜಿಬಿ ಎಸ್‌ಎಸ್‌ಡಿ ಇದ್ದರೆ ಪೂರ್ತಿ ಸಿಗೇ ಬಿಡಿ. 512 ಇದ್ದರೆ ಸಿಗೆ 250ಕ್ಕೆ ಕಮ್ಮಿ ಬೇಡ. ಒಂದು ಟಿಬಿಯಲ್ಲಿ 300-400 ಸಿಗೆ, ಉಳಿದದ್ದು ಡಿಗೆ. ಇ, ಎಫ್ ಯಾಕೆ ಬೇಕು? ಫೋಲ್ಡರ್‌ಗಳು ಇರುವುದೇ ಅದಕ್ಕೆ.

ಈಗಾಗಲೇ ಸಿ ಚಿಕ್ಕದಾಗಿದ್ದರೆ ಪಾರ್ಟಿಷನ್ ಮುಟ್ಟದೆಯೂ ದಾರಿ ಇದೆ. "ನಾನು ಎಲ್ಲ ಡಿಯಲ್ಲೇ ಇಡೋದು" ಅನ್ನುವವರ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಫೋಲ್ಡರ್‌ಗಳು ಸಾಮಾನ್ಯವಾಗಿ ಸಿಯಲ್ಲೇ ಇರುತ್ತವೆ. ಮದುವೆ ವಿಡಿಯೋ ಬಿದ್ದಿರುವುದೂ ಅಲ್ಲೇ. ಡೌನ್‌ಲೋಡ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಲೊಕೇಶನ್ ಟ್ಯಾಬ್‌ನಲ್ಲಿ 'ಮೂವ್' ಒತ್ತಿ. ಮೊದಲೇ ಡಿಯಲ್ಲಿ ಹೊಸ ಫೋಲ್ಡರ್ ಮಾಡಿಟ್ಟು ಅದನ್ನೇ ತೋರಿಸಿ. ಬರೀ ಡಿ ಡ್ರೈವ್ ತೋರಿಸಿದರೆ ಇಡೀ ಡ್ರೈವೇ ಡೌನ್‌ಲೋಡ್ಸ್ ಆಗಿಬಿಡುತ್ತದೆ, ಆಮೇಲೆ ಬಿಡಿಸುವುದು ರಗಳೆ. ಹೈಬರ್ನೇಟ್ (ತೆರೆದ ಕೆಲಸವನ್ನು ಸಿಯಲ್ಲಿ ಉಳಿಸಿ ಕಂಪ್ಯೂಟರ್ ಆಫ್ ಮಾಡುವುದು) ಬಳಸದಿದ್ದರೆ ಅದನ್ನೂ ಆಫ್ ಮಾಡಬಹುದು. 16 ಜಿಬಿ ರ್‍ಯಾಮ್ ಇರುವಲ್ಲಿ ಸುಮಾರು 6 ಜಿಬಿ ಉಳಿಯುತ್ತದೆ. ಫಾಸ್ಟ್ ಸ್ಟಾರ್ಟಪ್ ಹೋಗುತ್ತದೆ, ಎಸ್‌ಎಸ್‌ಡಿ ಇದ್ದರೆ ಅದರ ಕೊರತೆ ಅಷ್ಟಾಗಿ ಕಾಣದು.

ಡಿಯಲ್ಲಿ ಇಟ್ಟಿದ್ದು ಸೇಫ್ ಎಂಬ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ. ಸಿ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ. ಎಸ್‌ಎಸ್‌ಡಿಯೇ ಸತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ. ಮಕ್ಕಳ ಫೋಟೋ, ಮನೆ ಪತ್ರದ ಸ್ಕ್ಯಾನ್ ಬೇರೆ ಡಿಸ್ಕ್‌ನಲ್ಲೂ ಇರಲಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗಿಯೇ ಆನ್ ಆಗಿರಬಹುದು. ಅದರ 48 ಅಂಕಿಯ ರಿಕವರಿ ಕೀ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇದೆಯೇ ನೋಡಿ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪಾರ್ಟಿಷನ್ ಕೆಲಸ ಅದಾದ ಮೇಲೆ.